ಒಂದು ಪಾಯಿಂಟ್ ಮೂರು

ಸಾಸಿವೆ ಕಾಳು ಬಿಟ್ಟರೆ ಸಿಕ್ಕಿಕೊಳ್ಳುತ್ತದೆ, ಅಷ್ಟೇ ತೂತು.
ಒಂದು ಪಾಯಿಂಟ್ ಎರಡು ಮಿಲಿಮೀಟರು.
ಬಿಳಿ ಪ್ಲಾಸ್ಟಿಕ್ಕಿನ ಪಿಸ್ಟನ್ನು, ಅಂಗಿಯ ಗುಂಡಿಯ ಹಾಗೆ:
ಗುಂಡಿಗೂ ನಾಲ್ಕು ಕಣ್ಣು, ಇದಕ್ಕೂ ನಾಲ್ಕು,
ಇಲ್ಲಿ ದಾರದ ಬದಲು ಎಣ್ಣೆ ಹೋಗಿ ಬರುತ್ತದೆ.

ಜಾಲಹಳ್ಳಿಯಲ್ಲಿ ಮುನಿತಾಯಮ್ಮನ ಮನೆಗೊಂದು ಕಾರ್ ಶೆಡ್ಡು.
ಕಾರಿಲ್ಲ. ಒಂದು ಮೇಜು, ಒಂದು ಲೈಟು,
ಗಡಿಯಾರದ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂಬತ್ತು ವರ್ಷ
ಕೆಂಪು ಕಲ್ಲು ಕೂರುವ ತೂತು ಕೊರೆದ ಬೆರಳು.
ಈಗ ನಮ್ಮಂಥ ವಯಸ್ಸಾದ ಹುಡುಗರ
ರಿಮೋಟ್ ಕಾರುಗಳಿಗೆ ಕೊರೆಯುತ್ತಾರೆ.
ಜೊತೆಗೆ ನಲವತ್ತು ರೂಪಾಯಿ. ಟೀ ಅವರದೇ.

ನಾನು ಬಸ್ ಕಂಡಕ್ಟರು. ಯಶವಂತಪುರ ಸಲೀಸಾಗಿ ಬರುತ್ತದೆ.
ಮುಂದಿನದು ಗೊ, ಗೊ,
ಅಷ್ಟರಲ್ಲಿ ಸ್ಟಾಪು ಹೋಗಿರುತ್ತದೆ.
ನಿಧಾನ ಹೇಳು ಎನ್ನುತ್ತಾರೆ. ನಿಧಾನವಾದರೆ ಬರುತ್ತೆ ಸ್ವಾಮಿ,
ಬಸ್ಸು ನಿಧಾನ ಇಲ್ಲವಲ್ಲ.

ಅಬ್ಬಿಗೆರೆಯಲ್ಲಿ ಕೋರ್ಟಿನ ಕೇಸಿರುವ ಸೈಟೊಂದಿದೆ,
ಅದಕ್ಕೇ ಇನ್ನೂ ಖಾಲಿ.
ಪಾಯ ತೋಡಿದ ಕೆಂಪು ಮಣ್ಣನ್ನು ತಟ್ಟಿ ನಾವೇ ದಿಬ್ಬ ಮಾಡಿದ್ದೇವೆ.
ತಿರುವಿನಲ್ಲಿ ನನ್ನ ಸೆಕೆಂಡ್ ಹ್ಯಾಂಡ್ ಕಾರು
ಬೆಣ್ಣೆ ಸವರಿದ ಹಾಗೆ ವಾಲಿ ಏಳುತ್ತಿತ್ತು.
ದಿಬ್ಬ ಹಾರಿ ಇಳಿದಾಗ ಮಾತ್ರ
ಬಾಣಲೆಯ ಕಡಲೆಯಂತೆ ಸಿಡಿದು ಪಕ್ಕದ ಚರಂಡಿಗೆ.

'ಸ್ಪ್ರಿಂಗು ಮೆದು' ಅಂದ ಒಬ್ಬ. 'ಎಣ್ಣೆ ತೆಳು' ಅಂದ ಇನ್ನೊಬ್ಬ.
ಮುನಿತಾಯಮ್ಮ ಕೈಗೆ ತಗೊಂಡು ಮೆಲ್ಲಗೆ ಅದುಮಿದರು: ಇಳಿಯಿತು.
ಮೇಜಿನ ಮೇಲೆ ಕುಟ್ಟಿದರು: ಗೂಟ.
'ಬಾಗಿಲು ಚಿಕ್ಕದು ಕಣಪ್ಪ ಪಿಳ್ಳರಾಜು.
ಒಬ್ಬೊಬ್ರೇ ಬಂದ್ರೆ ಎಲ್ರೂ ದಾಟ್ತಾರೆ,
ಒಟ್ಟಿಗೆ ನುಗ್ಗಿದ್ರೆ ಯಾರೂ ದಾಟಲ್ಲ.'
ಇದನ್ನು ದಿನಾ ನೋಡುವವನು ನಾನು, ಬೆಳಗ್ಗೆ ಒಂಬತ್ತಕ್ಕೆ,
ಮುಂಬಾಗಿಲಲ್ಲಿ. ಹೊಳೆದಿರಲಿಲ್ಲ.

'ತೂತು ಹಿಗ್ಗಿಸೋಣ, ಎಣ್ಣೆ ಗಟ್ಟಿ ಮಾಡೋಣ.
ಮೆಲ್ಲಗೆ ತಳ್ಳಿದ್ರೆ ಹಳೇದೂ ಹೊಸದೂ ಒಂದೇ ಅನ್ಸತ್ತೆ.
ಗುದ್ದಿದಾಗ ಗೊತ್ತಾಗೋದು.'

ಕಣ್ಣಿಗೆ ಲೂಪು. ಬೆರಳಲ್ಲೇ ತಿರುಗುವ ಡ್ರಿಲ್ಲು.
ಒಂದು ಪಾಯಿಂಟ್ ಎರಡರಿಂದ ಒಂದು ಪಾಯಿಂಟ್ ಮೂರು,
ಕೂದಲೆಳೆಯಷ್ಟು.
ಅಷ್ಟಕ್ಕೇ ದಾರಿ ಆರರಲ್ಲೊಂದು ಪಾಲು ಅಗಲ,
ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿ ತೋರಿಸಿದರು.
ಅಂಚಿನ ಸಿಬಿರನ್ನು ಬ್ಲೇಡಿನಿಂದ ಸವರಿ
'ಇದು ಉಳಿದ್ರೆ ಮಾಡಿದ್ದೆಲ್ಲ ದಂಡ' ಅಂದರು.

ಮೂವತ್ತರ ಎಣ್ಣೆ ಚೆಲ್ಲಿ ಮೂವತ್ತೈದರದು ಹೊಯ್ದು
ಪಿಸ್ಟನ್ನು ಮುಳುಗಿಸಿ ಮೇಲೆ ಕೆಳಗೆ, ಮೇಲೆ ಕೆಳಗೆ.
ಗುಳ್ಳೆಗಳು ಒಂದೊಂದೇ ಎದ್ದವು.
'ಏಳಲಿ. ಸುಮ್ನೆ ಕೂತಿರು.'
ಏನೋ ಕೇಳಬೇಕೆಂದು ಬಾಯಿ ತೆರೆದೆ.
ಪ, ಪ, ಅಲ್ಲೇ ನಿಂತಿತು.
ಎಲ್ಲರೂ ನನ್ನ ಮಾತು ತಾವೇ ಮುಗಿಸುತ್ತಾರೆ,
ಚಿಲ್ಲರೆ ಕೊಟ್ಟ ಹಾಗೆ.
ಇವರು ಎಣ್ಣೆ ನೋಡುತ್ತ ಕೂತರು. ಟೀ ತಣ್ಣಗಾಯಿತು.
ಪಕ್ಕದ ಮನೆಯ ಕುಕ್ಕರು ಎರಡು ಸಲ ಕೂಗಿತು.
'ಪಿಸ್ಟನ್ನು ಸವೆದ್ರೆ?' ಎಂದೆ.
'ಸವೆಯತ್ತೆ. ಬಾ, ಹೊಸದು ಕೊರಿಯೋಣ.'

ಭಾನುವಾರ ದಿಬ್ಬ ಹಾರಿದ ಕಾರು
ಮುಂದಿನ ಎರಡು ಚಕ್ರ ಊರಿ ಉಸಿರು ಬಿಟ್ಟು ಕೂತಿತು.
ಹಿಂಭಾಗ ಮಾತ್ರ ಮತ್ತೆ ಎಗರಿತು,
ಅಲ್ಲಿನ್ನೂ ಒಂದು ಪಾಯಿಂಟ್ ಎರಡೇ.
ನಲವತ್ತು ರೂಪಾಯಿ ಮುಂದಿನ ಸಂಬಳಕ್ಕೆ.

ಸೋಮವಾರ ಬಸ್ಸು ಸೇತುವೆ ಇಳಿಯಿತು.
ಗೊ, ಎಂದೆ.
ಹಿಂದಿನ ಸೀಟಿನವನು ಪೂರ್ತಿ ಮಾಡಿದ,
'ಗೊರಗುಂಟೆಪಾಳ್ಯ, ಇಳೀರಿ ಇಳೀರಿ.'
ಬಾಗಿಲಿಗೆ ಎಲ್ಲರೂ ಒಟ್ಟಿಗೆ.
ಕೈ ಅಡ್ಡ ಹಿಡಿದು ಒಬ್ಬೊಬ್ಬರನ್ನೇ ಬಿಟ್ಟೆ,
ಆಮೇಲೆ ವಿಸಿಲ್ ಊದಿದೆ.